ಆರಂಭಿಕ ವಸಾಹತು ಕಾಲದ ನಾಣ್ಯಗಳು: ಪರಿಚಯ ಹಾಗೂ ಸಂಗ್ರಾಹಕರಿಗೆ ಮಾಹಿತಿ

1. ಪೀಠಿಕೆ

ಭಾರತದಲ್ಲಿ ಐರೋಪ್ಯ ವ್ಯಾಪಾರಿ ಕಂಪನಿಗಳು ನೆಲೆಯೂರಿದ ಕಾಲದಿಂದ 1835ರಲ್ಲಿ ದೇಶಕ್ಕೆಲ್ಲ ಏಕರೂಪದ ನಾಣ್ಯ ಪದ್ಧತಿ ಜಾರಿಗೆ ಬರುವವರೆಗಿನ ಅವಧಿಯಲ್ಲಿ ಹೊರಡಿಸಲಾದ ನಾಣ್ಯಗಳನ್ನು ಸಾಮಾನ್ಯವಾಗಿ ಆರಂಭಿಕ ವಸಾಹತು ಕಾಲದ ನಾಣ್ಯಗಳೆಂದು ಕರೆಯಲಾಗುತ್ತದೆ. ಪೋರ್ಚುಗೀಸರು, ಡಚ್ಚರು, ಡೇನರು, ಫ್ರೆಂಚರು ಮತ್ತು ಇಂಗ್ಲಿಷರು ತಮ್ಮ ತಮ್ಮ ಕೋಠಿಗಳಲ್ಲಿ ಹಾಗೂ ಕೋಟೆಗಳಲ್ಲಿ ಟಂಕಸಾಲೆಗಳನ್ನು ಸ್ಥಾಪಿಸಿ ಚಿನ್ನ, ಬೆಳ್ಳಿ, ತಾಮ್ರ, ಸೀಸ ಮತ್ತು ತವರದಲ್ಲಿ ನಾಣ್ಯಗಳನ್ನು ಅಚ್ಚು ಹಾಕಿಸಿದರು.

ನಮ್ಮ ರಾಜ್ಯದ ಅನೇಕ ಮನೆಗಳಲ್ಲಿ ಹಿರಿಯರಿಂದ ಬಂದ ಇಂತಹ ನಾಣ್ಯಗಳು ದೇವರ ಪೆಟ್ಟಿಗೆಯಲ್ಲಿಯೋ ಕಾಸಿನ ಸರದಲ್ಲಿಯೋ ಇಂದಿಗೂ ಉಳಿದುಕೊಂಡಿವೆ. ಅವುಗಳ ಮಹತ್ವ ತಿಳಿಯದೆ ಕೇವಲ ಲೋಹದ ತೂಕಕ್ಕೆ ಮಾರಿ ಕರಗಿಸುವವರು ಒಂದು ಕಡೆಯಾದರೆ, ಬೆಲೆಯಿಲ್ಲದ ನಕಲಿ ಬಿಲ್ಲೆಯನ್ನು ಅಪೂರ್ವ ವಸ್ತುವೆಂದು ನಂಬಿ ಉಳಿತಾಯದ ಹಣವನ್ನೆಲ್ಲ ಕಳೆದುಕೊಳ್ಳುವವರು ಇನ್ನೊಂದು ಕಡೆ. ಈ ಎರಡೂ ಬಗೆಯ ನಷ್ಟವನ್ನು ತಪ್ಪಿಸುವ ಉದ್ದೇಶದಿಂದ ಸಾರ್ವಜನಿಕರು, ವಿದ್ಯಾರ್ಥಿಗಳು ಮತ್ತು ಹವ್ಯಾಸಿ ಸಂಗ್ರಾಹಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

2. ಇಂಗ್ಲಿಷರಿಗಿಂತ ಮೊದಲು

ಪೋರ್ಚುಗೀಸರು: 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ವಶಪಡಿಸಿಕೊಂಡ ಬಳಿಕ ಅಲ್ಲಿ ಟಂಕಸಾಲೆಯನ್ನು ಆರಂಭಿಸಿದನು. ಚಿನ್ನದ ಮನೋಯೆಲ್, ಬೆಳ್ಳಿಯ ಎಸ್ಪೆರಾ, ತಾಮ್ರದ ಲೆಯಾಲ್ ಎಂಬವು ಅಲ್ಲಿಂದ ಹೊರಬಂದ ಮೊದಲ ನಾಣ್ಯಗಳು. ಆ ಕಾಲದಲ್ಲಿ ಪಶ್ಚಿಮ ಕರಾವಳಿಯ ವ್ಯಾಪಾರದಲ್ಲಿ ವಿಜಯನಗರದ ಚಿನ್ನದ ನಾಣ್ಯಗಳಿಗೆ ಹೆಚ್ಚಿನ ಮನ್ನಣೆಯಿತ್ತು. ವಿಜಯನಗರದ ‘ಪ್ರತಾಪ’ ಎಂಬ ನಾಣ್ಯದ ಹೆಸರೇ ಪೋರ್ಚುಗೀಸರ ಬಾಯಿಯಲ್ಲಿ ‘ಪರ್ದಾವ್’ ಆಯಿತು ಎಂಬುದನ್ನು ಕನ್ನಡಿಗರು ವಿಶೇಷವಾಗಿ ಗಮನಿಸಬಹುದು.

ಡಚ್ಚರು: ಪೂರ್ವ ಕರಾವಳಿಯ ಪುಲಿಕಾಟ್ ಮತ್ತು ನಾಗಪಟ್ಟಣ ಹಾಗೂ ಪಶ್ಚಿಮ ಕರಾವಳಿಯ ಕೊಚ್ಚಿ ಇವರ ಮುಖ್ಯ ನೆಲೆಗಳು. ಡಚ್ ಕಂಪನಿಯ ಹೆಸರಿನ ಮೊದಲಕ್ಷರಗಳಾದ ವಿ, ಓ, ಸಿ ಎಂಬ ಮೂರು ಅಕ್ಷರಗಳನ್ನು ಒಂದರೊಳಗೊಂದು ಹೆಣೆದ ಮುದ್ರೆ ಅವರ ನಾಣ್ಯಗಳಲ್ಲಿ ಎದ್ದು ಕಾಣುತ್ತದೆ. ‘ಡ್ಯೂಟ್’ ಎಂಬ ತಾಮ್ರದ ನಾಣ್ಯಗಳನ್ನು 1726ರಿಂದ ಹಾಲೆಂಡಿನ ವಿವಿಧ ಪ್ರಾಂತ್ಯಗಳಲ್ಲಿ ಅಚ್ಚು ಹಾಕಿಸಿ ಪೂರ್ವ ದೇಶಗಳ ವ್ಯಾಪಾರಕ್ಕೆ ಕಳುಹಿಸಲಾಗುತ್ತಿತ್ತು.

ಡೇನರು: 1620ರಿಂದ ತರಂಗಂಬಾಡಿಯಲ್ಲಿ ನೆಲೆಸಿದ ಡೇನರು ಸೀಸ ಮತ್ತು ತಾಮ್ರದ ಸಣ್ಣ ಕಾಸುಗಳನ್ನು ಹೊರಡಿಸಿದರು. 1845ರಲ್ಲಿ ಈ ನೆಲೆಯನ್ನು ಇಂಗ್ಲಿಷರಿಗೆ ಮಾರಲಾಯಿತು. ಸೀಸವು ಬೇಗ ಸವೆದು ಹಾಳಾಗುವ ಲೋಹವಾದ್ದರಿಂದ ಸುಸ್ಥಿತಿಯಲ್ಲಿರುವ ಡೇನಿಷ್ ಸೀಸದ ಕಾಸುಗಳು ಸಂಗ್ರಾಹಕರಿಗೆ ಅಚ್ಚುಮೆಚ್ಚು.

ಫ್ರೆಂಚರು: ಪುದುಚೇರಿಯ ಫ್ರೆಂಚರು 1736ರಲ್ಲಿ ಆರ್ಕಾಟಿನ ನವಾಬನಿಂದ ಅನುಮತಿ ಪಡೆದು ಆರ್ಕಾಟು ರೂಪಾಯಿಗಳನ್ನು ಹೊರಡಿಸಿದರು. ಅವುಗಳ ಮೇಲಿರುವ ಅರ್ಧಚಂದ್ರದ ಗುರುತಿನಿಂದ ಅವು ಫ್ರೆಂಚರವೆಂದು ತಿಳಿಯಬಹುದು. ಅವರ ತಾಮ್ರದ ನಾಣ್ಯದ ಹೆಸರು ‘ದೂದೂ’. ನಮ್ಮ ‘ದುಡ್ಡು’ ಎಂಬ ಪದವನ್ನು ಇದು ಕೂಡಲೇ ನೆನಪಿಗೆ ತರುತ್ತದೆ.

3. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ನಾಣ್ಯಗಳು

1600ನೇ ಡಿಸೆಂಬರ್ 31ರಂದು ರಾಣಿ ಒಂದನೆಯ ಎಲಿಜಬೆತ್ ನೀಡಿದ ಸನ್ನದಿನಿಂದ ಈ ಕಂಪನಿ ಸ್ಥಾಪನೆಯಾಯಿತು. ಅದರ ಮೊದಲ ಯಾನಕ್ಕಾಗಿ ಲಂಡನ್ನಿನಲ್ಲಿ ಕೋಟೆಬಾಗಿಲಿನ ಸರಳುಗಳ ಚಿತ್ರವುಳ್ಳ ಬೆಳ್ಳಿ ನಾಣ್ಯಗಳನ್ನು ವಿಶೇಷವಾಗಿ ಅಚ್ಚು ಹಾಕಲಾಗಿತ್ತು. ಅನಂತರ ಕಂಪನಿಯು ಭಾರತದಲ್ಲಿಯೇ ಸ್ಥಳೀಯ ಪದ್ಧತಿಗೆ ಅನುಗುಣವಾಗಿ ನಾಣ್ಯಗಳನ್ನು ತಯಾರಿಸತೊಡಗಿತು. ಮದ್ರಾಸು, ಮುಂಬಯಿ, ಬಂಗಾಳ ಈ ಮೂರು ಪ್ರೆಸಿಡೆನ್ಸಿಗಳ ನಾಣ್ಯಗಳು ಒಂದಕ್ಕೊಂದು ಬಹಳ ಭಿನ್ನವಾಗಿವೆ.

(ಅ) ಮದ್ರಾಸು ಪ್ರೆಸಿಡೆನ್ಸಿ

1639ರಲ್ಲಿ ದೊರೆತ ಜಾಗದಲ್ಲಿ ಸೇಂಟ್ ಜಾರ್ಜ್ ಕೋಟೆಯನ್ನು ಕಟ್ಟಿದ ಮೇಲೆ ಕಂಪನಿಯು ಅಲ್ಲಿ ದಕ್ಷಿಣದ ಜನರಿಗೆ ಪರಿಚಿತವಾಗಿದ್ದ ಚಿನ್ನದ ವರಹವನ್ನೇ ಅನುಸರಿಸಿತು. ವರಹವನ್ನು ಐರೋಪ್ಯರು ‘ಪಗೋಡ’ ಎಂದೂ, ಹಣವನ್ನು ‘ಫನಮ್’ ಎಂದೂ, ಕಾಸನ್ನು ‘ಕ್ಯಾಶ್’ ಎಂದೂ ಕರೆದರು. ಶ್ರೀದೇವಿ ಭೂದೇವಿ ಸಮೇತನಾದ ವಿಷ್ಣುವಿನ ಚಿತ್ರವುಳ್ಳ ‘ಮೂರು ಸ್ವಾಮಿ ವರಹ’ ಮತ್ತು ಹಿಂಬದಿಯಲ್ಲಿ ನಕ್ಷತ್ರದ ಗುರುತಿರುವ ‘ನಕ್ಷತ್ರ ವರಹ’ ಇವುಗಳಲ್ಲಿ ಪ್ರಸಿದ್ಧವಾದವು. ಒಂದು ನಕ್ಷತ್ರ ವರಹದ ತೂಕ ಸುಮಾರು 3.4 ಗ್ರಾಂ.

ಮದ್ರಾಸಿನ ಲೆಕ್ಕದ ಪದ್ಧತಿ ಹೀಗಿತ್ತು:

80 ಕಾಸು = 1 ಹಣ
12 ಹಣ = 1 ರೂಪಾಯಿ
42 ಹಣ = 1 ನಕ್ಷತ್ರ ವರಹ
3½ ರೂಪಾಯಿ = 1 ನಕ್ಷತ್ರ ವರಹ

ಅಂದರೆ ಒಂದು ವರಹಕ್ಕೆ 3360 ಕಾಸು. ಹತ್ತು ಕಾಸಿನ ತಾಮ್ರದ ನಾಣ್ಯಕ್ಕೆ ದುಡ್ಡು ಎಂಬ ಹೆಸರಿದ್ದು, ಎಂಟು ದುಡ್ಡುಗಳಿಗೆ ಒಂದು ಹಣವಾಗುತ್ತಿತ್ತು. ದುಡ್ಡು, ಹಣ, ಕಾಸು ಎಂಬ ಪದಗಳನ್ನು ಇಂದು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ಅಂದಿನ ಲೆಕ್ಕದ ಪುಸ್ತಕದಲ್ಲಿ ಅವು ಮೂರು ಬೇರೆ ಬೇರೆ ನಾಣ್ಯಗಳಾಗಿದ್ದವು.

1742ರಲ್ಲಿ ಇಂಗ್ಲಿಷರಿಗೂ ಆರ್ಕಾಟು ರೂಪಾಯಿ ಹೊರಡಿಸಲು ಅನುಮತಿ ದೊರೆಯಿತು. 1807ರಿಂದ ಆರಂಭವಾದ ಹೊಸ ಮಾಲಿಕೆಯಲ್ಲಿ ಯಂತ್ರದಿಂದ ತಯಾರಾದ ಅರ್ಧ ಮತ್ತು ಕಾಲು ವರಹದ ಬೆಳ್ಳಿ ನಾಣ್ಯಗಳು ಹೊರಬಂದವು. ಇವುಗಳ ಮುಂಬದಿಯಲ್ಲಿ ನಕ್ಷತ್ರಗಳಿಂದ ಸುತ್ತುವರಿದ ದೇವಾಲಯದ ಗೋಪುರವೂ, ಹಿಂಬದಿಯಲ್ಲಿ ವಿಷ್ಣುವಿನ ಚಿತ್ರವೂ ಇದ್ದು, ಮೌಲ್ಯವನ್ನು ಇಂಗ್ಲಿಷ್, ಪರ್ಷಿಯನ್, ತಮಿಳು ಮತ್ತು ತೆಲುಗು ಭಾಷೆಗಳಲ್ಲಿ ಬರೆಯಲಾಗಿದೆ. ಸ್ಪೇನ್ ದೇಶದ ಡಾಲರ್ ನಾಣ್ಯಗಳ ಮೇಲೆಯೇ ಹೊಸ ಅಚ್ಚನ್ನು ಒತ್ತಿದ ಅರ್ಧ ವರಹಗಳೂ ದೊರೆಯುತ್ತವೆ. ಭೂತಗನ್ನಡಿಯಲ್ಲಿ ನೋಡಿದಾಗ ಗೋಪುರದ ಹಿಂದೆ ಹಳೆಯ ಅಕ್ಷರಗಳ ಅಳಿದುಳಿದ ಗೆರೆಗಳು ಕಾಣಿಸುವುದುಂಟು. 1818ರಲ್ಲಿ ಮದ್ರಾಸಿನಲ್ಲಿ ರೂಪಾಯಿಯನ್ನೇ ಪ್ರಮಾಣ ನಾಣ್ಯವೆಂದು ಸ್ವೀಕರಿಸಿದ ಬಳಿಕ ವರಹದ ಕಾಲ ಮುಗಿಯಿತು. ಚೆನ್ನೈನ ‘ತಂಗಸಾಲೈ’ ಎಂಬ ಬೀದಿಯ ಹೆಸರು ಅಲ್ಲಿದ್ದ ಟಂಕಸಾಲೆಯ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ.

(ಆ) ಮುಂಬಯಿ ಪ್ರೆಸಿಡೆನ್ಸಿ

1661ರ ವಿವಾಹ ಒಪ್ಪಂದದ ಮೂಲಕ ಪೋರ್ಚುಗೀಸರಿಂದ ಇಂಗ್ಲೆಂಡಿನ ಅರಸನಿಗೆ ಸಂದ ಮುಂಬಯಿ ದ್ವೀಪವು 1668ರಲ್ಲಿ ವರ್ಷಕ್ಕೆ 10 ಪೌಂಡುಗಳ ಗೇಣಿಗೆ ಕಂಪನಿಯ ವಶಕ್ಕೆ ಬಂದಿತು. ಇಲ್ಲಿ ಮೊದಲು ಇಂಗ್ಲಿಷ್ ಮಾದರಿಯ ನಾಣ್ಯಗಳನ್ನು ಹೊರಡಿಸಲಾಯಿತು. ಚಿನ್ನದ್ದು ಕೆರೊಲಿನಾ, ಬೆಳ್ಳಿಯದು ಆಂಗ್ಲಿನಾ, ತಾಮ್ರದ್ದು ಕಪ್ಪರೂನ್, ತವರದ್ದು ಟಿನ್ನಿ ಎಂದು ಅವುಗಳ ಹೆಸರು. ಆದರೆ ಒಳನಾಡಿನ ವ್ಯಾಪಾರಿಗಳು ಮೊಗಲ್ ರೂಪಾಯಿಯನ್ನೇ ಕೇಳುತ್ತಿದ್ದುದರಿಂದ 1717ರಲ್ಲಿ ಚಕ್ರವರ್ತಿ ಫರೂಖ್‌ಸಿಯರ್‌ನಿಂದ ಅನುಮತಿ ಪಡೆದು ಮೊಗಲ್ ಮಾದರಿಯ ರೂಪಾಯಿಗಳನ್ನು ಅಚ್ಚು ಹಾಕಲಾಯಿತು.

1791ರಲ್ಲಿ ಮ್ಯಾಥ್ಯೂ ಬೋಲ್ಟನ್ ಎಂಬುವರ ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಯಂತ್ರದಿಂದ ತಯಾರಿಸಿದ ತಾಮ್ರದ ನಾಣ್ಯಗಳು ಮುಂಬಯಿಗೆ ಬಂದವು. ಇವುಗಳ ಒಂದು ಬದಿಯಲ್ಲಿ ಕಂಪನಿಯ ಸರಕಿನ ಮೂಟೆಗಳ ಮೇಲೆ ಹಾಕುತ್ತಿದ್ದ ಹೃದಯಾಕಾರದ ಗುರುತು, ಇನ್ನೊಂದು ಬದಿಯಲ್ಲಿ ತಕ್ಕಡಿ ಹಾಗೂ ‘ಅದಿಲ್’ ಅಂದರೆ ನ್ಯಾಯ ಎಂಬ ಬರಹವಿದೆ. ವ್ಯಾಪಾರಿ ಸಂಸ್ಥೆಯೊಂದು ತನ್ನ ಮೂಟೆಯ ಗುರುತನ್ನೇ ರಾಜಮುದ್ರೆಯ ಸ್ಥಾನದಲ್ಲಿ ಒತ್ತಿದುದು ಈ ನಾಣ್ಯಗಳ ವೈಶಿಷ್ಟ್ಯ. ಕಂಪನಿಯ ಅಂದಿನ ಸ್ವರೂಪವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ದಾಖಲೆ ವಿರಳ.

(ಇ) ಬಂಗಾಳ ಪ್ರೆಸಿಡೆನ್ಸಿ

ಬಂಗಾಳದಲ್ಲಿ 1757ರ ನಂತರ ಕಂಪನಿಯ ಟಂಕಸಾಲೆ ಕೆಲಸ ಆರಂಭಿಸಿತು. ಅಧಿಕಾರ ಕಂಪನಿಯದಾದರೂ ನಾಣ್ಯದ ಮೇಲಿನ ಹೆಸರು ಮೊಗಲ್ ಚಕ್ರವರ್ತಿ ಷಾ ಆಲಮನದೇ ಆಗಿತ್ತು.

ಇಲ್ಲಿ ‘ವಟ್ಟ’ ಎಂಬ ಪದ್ಧತಿಯನ್ನು ಅರಿಯುವುದು ಅಗತ್ಯ. ರೂಪಾಯಿಯ ಮೇಲೆ ಚಕ್ರವರ್ತಿಯ ಆಳ್ವಿಕೆಯ ಎಷ್ಟನೆಯ ವರ್ಷವೆಂದು ನಮೂದಿಸಲಾಗುತ್ತಿತ್ತು. ಅದೇ ವರ್ಷದ ನಾಣ್ಯವಾದ ‘ಸಿಕ್ಕಾ’ ರೂಪಾಯಿಗೆ ಪೂರ್ಣ ಬೆಲೆ. ವರ್ಷ ಕಳೆದ ಕೂಡಲೇ ತೂಕದಲ್ಲಿ ಕೊರತೆಯಿಲ್ಲದಿದ್ದರೂ ಚಿನಿವಾರರು ಮತ್ತು ಸರಾಫರು ಅದರ ಮೇಲೆ ವಟ್ಟ ಹಿಡಿಯುತ್ತಿದ್ದರು. ಹಳೆಯ ರೂಪಾಯಿಯಲ್ಲಿ ಕೂಲಿ ಪಡೆದು ಹೊಸ ರೂಪಾಯಿಯಲ್ಲಿ ಕಂದಾಯ ಕಟ್ಟಬೇಕಾಗಿದ್ದ ರೈತನಿಗೆ ಇದರಿಂದ ಎರಡೂ ಕಡೆ ನಷ್ಟವಾಗುತ್ತಿತ್ತು. ಇದನ್ನು ತಪ್ಪಿಸಲು ಕಂಪನಿಯು ನಾಣ್ಯದ ಮೇಲಿನ ವರ್ಷವನ್ನೇ ಬದಲಾಗದಂತೆ ನಿಲ್ಲಿಸಿತು. ಮುರ್ಷಿದಾಬಾದಿನ ರೂಪಾಯಿಗೆ 19ನೆಯ ವರ್ಷ, ಫರೂಖಾಬಾದಿನದಕ್ಕೆ 45ನೆಯ ವರ್ಷ, ಸೂರತ್ತಿನದಕ್ಕೆ 46ನೆಯ ವರ್ಷ ಸ್ಥಿರವಾಯಿತು. ಆದ್ದರಿಂದ ಇಂತಹ ನಾಣ್ಯಗಳ ಮೇಲಿನ ವರ್ಷವು ಅವು ತಯಾರಾದ ವರ್ಷವನ್ನು ತಿಳಿಸುವುದಿಲ್ಲ ಎಂಬುದನ್ನು ಸಂಗ್ರಾಹಕರು ಗಮನಿಸಬೇಕು.

1774ರಲ್ಲಿ ಅಂಚೆ ಶುಲ್ಕಕ್ಕಾಗಿ ಹೊರಡಿಸಲಾದ ‘ಪಾಟ್ನಾ ಅಂಚೆ’ ಎಂಬ ಎರಡಾಣೆಯ ತಾಮ್ರದ ಬಿಲ್ಲೆಗಳೂ ಬಂಗಾಳದವೇ. ಇವು ಅಂಚೆ ಚೀಟಿಗಿಂತ ಬಹು ಹಿಂದಿನವಾದ್ದರಿಂದ ನಾಣ್ಯ ಸಂಗ್ರಾಹಕರೂ ಅಂಚೆ ಚೀಟಿ ಸಂಗ್ರಾಹಕರೂ ಇವುಗಳಿಗಾಗಿ ಸ್ಪರ್ಧಿಸುತ್ತಾರೆ.

4. ಕರ್ನಾಟಕದ ಸಂಬಂಧ

1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಕನ್ನಡ ನಾಡು ಹಲವು ಆಡಳಿತಗಳಿಗೆ ಹಂಚಿಹೋಯಿತು. ಕರಾವಳಿಯ ಕೆನರಾ ಮತ್ತು 1800ರಲ್ಲಿ ಬಳ್ಳಾರಿ ಮದ್ರಾಸು ಪ್ರೆಸಿಡೆನ್ಸಿಗೆ ಸೇರಿದವು. ಧಾರವಾಡ, ಬೆಳಗಾವಿ ಭಾಗಗಳು ಪೇಶ್ವೆಯ ಪತನದ ನಂತರ ಮುಂಬಯಿ ಪ್ರೆಸಿಡೆನ್ಸಿಗೆ ಸೇರಿದವು. ಹೈದರಾಬಾದ್ ಕರ್ನಾಟಕದಲ್ಲಿ ನಿಜಾಮರ ನಾಣ್ಯಗಳು ಚಲಾವಣೆಯಲ್ಲಿದ್ದವು. ಆದಕಾರಣ ರಾಜ್ಯದ ಬೇರೆ ಬೇರೆ ಭಾಗಗಳ ಮನೆಗಳಲ್ಲಿ ದೊರೆಯುವ ಹಳೆಯ ನಾಣ್ಯಗಳೂ ಬೇರೆ ಬೇರೆಯಾಗಿವೆ.

ಮೈಸೂರಿನಲ್ಲಿ ಹೈದರಾಲಿಯು 1763ರಲ್ಲಿ ಬಿದನೂರನ್ನು ಗೆದ್ದ ಬಳಿಕ ಶಿವಪಾರ್ವತಿಯರ ಚಿತ್ರವುಳ್ಳ ಇಕ್ಕೇರಿ ಮಾದರಿಯ ವರಹವನ್ನೇ ಮುಂದುವರಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಒತ್ತಿಸಿದನು. ಟಿಪ್ಪು ಸುಲ್ತಾನನ ಆನೆ ಮುದ್ರೆಯ ತಾಮ್ರದ ನಾಣ್ಯಗಳು ಶ್ರೀರಂಗಪಟ್ಟಣ, ಬೆಂಗಳೂರು, ನಗರ ಮುಂತಾದ ಹಲವು ಟಂಕಸಾಲೆಗಳಲ್ಲಿ ತಯಾರಾದವು. ಇವು ಕಂಪನಿಯ ನಾಣ್ಯಗಳಲ್ಲದಿದ್ದರೂ ಅದೇ ಪೇಟೆಗಳಲ್ಲಿ, ಅದೇ ತಕ್ಕಡಿಯಲ್ಲಿ ತೂಗಿಸಿಕೊಂಡ ನಾಣ್ಯಗಳು. 1792ರ ಶ್ರೀರಂಗಪಟ್ಟಣ ಒಪ್ಪಂದದಂತೆ ಟಿಪ್ಪು ತೆರಬೇಕಾಗಿದ್ದ ಯುದ್ಧ ದಂಡದ ಮೊತ್ತ 3 ಕೋಟಿ 30 ಲಕ್ಷ ರೂಪಾಯಿ.

1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ನಾಣ್ಯಗಳು ಈ ಸಂಧಿಕಾಲದ ಸ್ಪಷ್ಟ ಸಾಕ್ಷಿಗಳಾಗಿವೆ. ಅವರ ಚಿನ್ನದ ವರಹದಲ್ಲಿ ಶಿವಪಾರ್ವತಿಯರ ಚಿತ್ರ ಮತ್ತು ನಾಗರಿ ಲಿಪಿಯಲ್ಲಿ ಶ್ರೀ ಕೃಷ್ಣರಾಜ ಎಂಬ ಬರಹವಿದ್ದರೆ, ಬೆಳ್ಳಿಯ ರೂಪಾಯಿಯಲ್ಲಿ ಮೊಗಲ್ ಚಕ್ರವರ್ತಿ ಷಾ ಆಲಮನ ಹೆಸರೇ ಮುಂದುವರಿದಿದೆ. ತಾಮ್ರದ ನಾಣ್ಯಗಳ ಮೇಲೆ ಮೊದಲು ಆನೆ, ಅನಂತರ ಸಿಂಹ. ‘ಶ್ರೀ’ ಮತ್ತು ‘ಚಾಮುಂಡಿ’ ಎಂಬ ಬರಹ. ಹಿಂಬದಿಯಲ್ಲಿ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಮೌಲ್ಯದ ಉಲ್ಲೇಖ, ಜೊತೆಗೆ ಇಂಗ್ಲಿಷ್ ಮತ್ತು ಪರ್ಷಿಯನ್ ಬರಹಗಳು. ಆನೆಯಿಂದ ಸಿಂಹಕ್ಕೆ, ಒಂದು ಭಾಷೆಯಿಂದ ಮೂರು ಭಾಷೆಗಳಿಗೆ ಆದ ಈ ಬದಲಾವಣೆಯನ್ನು ಕೆಲವೇ ನಾಣ್ಯಗಳನ್ನು ಸಾಲಾಗಿಟ್ಟು ನೋಡಿ ತಿಳಿಯಬಹುದು. 1831ರಲ್ಲಿ ಆಡಳಿತವು ಬ್ರಿಟಿಷ್ ಕಮಿಷನರರ ಕೈಗೆ ಹೋದ ನಂತರವೂ ಕೆಲಕಾಲ ಇವು ಹೊರಬಂದವು. 1843ರವರೆಗಿನ ವರ್ಷ ನಮೂದಾಗಿರುವ ತಾಮ್ರದ ನಾಣ್ಯಗಳು ದೊರೆತಿವೆ. ಕನ್ನಡ ಅಕ್ಷರಗಳುಳ್ಳ ನಾಣ್ಯಗಳನ್ನು ಸಂಗ್ರಹಿಸಬಯಸುವವರಿಗೆ ಇವು ಉತ್ತಮ ಆರಂಭ.

5. 1835ರ ಏಕರೂಪ ನಾಣ್ಯ

1835ರ ನಾಣ್ಯ ಕಾಯಿದೆಯಿಂದ ಮೂರೂ ಪ್ರೆಸಿಡೆನ್ಸಿಗಳಿಗೆ ಒಂದೇ ರೂಪಾಯಿ ಜಾರಿಗೆ ಬಂದಿತು. ತೂಕ 180 ಗ್ರೇನ್, ಅಂದರೆ ಸುಮಾರು 11.66 ಗ್ರಾಂ, ಹನ್ನೆರಡು ಭಾಗಗಳಲ್ಲಿ ಹನ್ನೊಂದು ಭಾಗ ಶುದ್ಧ ಬೆಳ್ಳಿ. ಮೊಗಲ್ ಚಕ್ರವರ್ತಿಯ ಹೆಸರಿನ ಬದಲು ಇಂಗ್ಲೆಂಡಿನ ಅರಸ ನಾಲ್ಕನೆಯ ವಿಲಿಯಮನ ಮುಖಚಿತ್ರ ಬಂದಿತು. ಈ ಸುಧಾರಣೆಗಾಗಿ ಶ್ರಮಿಸಿದವರಲ್ಲಿ ಕಲ್ಕತ್ತಾ ಟಂಕಸಾಲೆಯ ಲೋಹ ಪರೀಕ್ಷಕ ಜೇಮ್ಸ್ ಪ್ರಿನ್ಸೆಪ್ ಪ್ರಮುಖರು. ಬ್ರಾಹ್ಮಿ ಲಿಪಿಯನ್ನು ಓದಿ ಅಶೋಕನ ಶಾಸನಗಳ ಅರ್ಥವನ್ನು ಲೋಕಕ್ಕೆ ತಿಳಿಸಿದವರೂ ಇವರೇ.

1840ರಿಂದ ವಿಕ್ಟೋರಿಯಾ ರಾಣಿಯ ಮುಖಚಿತ್ರದ ನಾಣ್ಯಗಳು ಬಂದವು. ಕಂಪನಿಯ ಆಡಳಿತವು 1858ರಲ್ಲಿ ಕೊನೆಗೊಂಡು, ಬ್ರಿಟಿಷ್ ಸರ್ಕಾರದ ನೇರ ಆಡಳಿತದ ಮೊದಲ ನಾಣ್ಯಗಳು 1862ರಲ್ಲಿ ಹೊರಬಂದವು.

6. ಸಂಗ್ರಾಹಕರನ್ನು ಆಕರ್ಷಿಸುವ ಅಂಶಗಳು

ಎ. ವೈವಿಧ್ಯ: ಗೋಪುರ, ದೇವರು, ತಕ್ಕಡಿ, ಮೂಟೆಯ ಗುರುತು, ಸಿಂಹ, ಆನೆ, ಪರ್ಷಿಯನ್ ಬರಹ, ರೋಮನ್ ಅಂಕಿ ಇವೆಲ್ಲವೂ ಒಂದೇ ಕಾಲದ ನಾಣ್ಯಗಳಲ್ಲಿ ದೊರೆಯುತ್ತವೆ.

ಬಿ. ಸೂಕ್ಷ್ಮ ವ್ಯತ್ಯಾಸಗಳು: 1835ರ ರೂಪಾಯಿಯಲ್ಲಿ ಅರಸನ ಕತ್ತಿನ ಕೆಳಗೆ ಕೆಲವು ನಾಣ್ಯಗಳಲ್ಲಿ ‘ಆರ್.ಎಸ್.’ ಎಂದೂ, ಕೆಲವುಗಳಲ್ಲಿ ‘ಎಫ್’ ಎಂದೂ ಅತಿ ಸಣ್ಣ ಅಕ್ಷರಗಳಿವೆ. ಇವು ಕಲ್ಕತ್ತಾ ಟಂಕಸಾಲೆಯ ಅಧಿಕಾರಿಗಳಾದ ಸಾಂಡರ್ಸ್ ಮತ್ತು ಫೋರ್ಬ್ಸ್ ಅವರ ಹೆಸರಿನ ಗುರುತುಗಳು. 1840ರ ರೂಪಾಯಿಯಲ್ಲಿ ರಾಣಿಯ ಹೆಸರು ತಲೆಯ ಮೇಲ್ಭಾಗದಲ್ಲಿ ಅಖಂಡವಾಗಿ ಸಾಗಿರುವ ಮತ್ತು ಎರಡು ಭಾಗವಾಗಿರುವ ಎರಡು ಬಗೆಗಳಿವೆ.

ಸಿ. ಬಳಕೆಯ ಗುರುತುಗಳು: ಸರಾಫರು ಬೆಳ್ಳಿಯ ಶುದ್ಧತೆಯನ್ನು ಪರೀಕ್ಷಿಸಿ ಒತ್ತಿದ ಸಣ್ಣ ಮುದ್ರೆಗಳು ಅನೇಕ ರೂಪಾಯಿಗಳ ಮೇಲಿವೆ. ಅಂದಗೆಟ್ಟ ನಾಣ್ಯವೆಂದು ಕೆಲವರು ಇವನ್ನು ದೂರವಿಟ್ಟರೂ, ಆ ನಾಣ್ಯವು ಎಷ್ಟು ಕೈಗಳನ್ನು ದಾಟಿ ಬಂದಿದೆ ಎಂಬುದಕ್ಕೆ ಇವು ಸಾಕ್ಷಿ.

ಡಿ. ಕೈಗೆಟುಕುವ ಬೆಲೆ: ಕಂಪನಿಯ ಸಾಮಾನ್ಯ ತಾಮ್ರದ ನಾಣ್ಯಗಳನ್ನು ವಿದ್ಯಾರ್ಥಿಗಳೂ ಕೊಳ್ಳಬಹುದಾಗಿದೆ.

ಈ ನಾಣ್ಯಗಳ ಶಾಸ್ತ್ರೀಯ ಅಧ್ಯಯನಕ್ಕೆ ಮದ್ರಾಸು ಸರ್ಕಾರಿ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಅವರು 1890ರಲ್ಲಿ ಪ್ರಕಟಿಸಿದ ಗ್ರಂಥವು ಅಡಿಪಾಯ ಹಾಕಿತು.

7. ಬೆಲೆಯನ್ನು ನಿರ್ಧರಿಸುವುದು ಯಾವುದು?

ನಾಣ್ಯ ಎಷ್ಟು ಹಳೆಯದೋ ಅಷ್ಟು ಬೆಲೆ ಎಂಬ ನಂಬಿಕೆ ಸಾರ್ವಜನಿಕರಲ್ಲಿ ವ್ಯಾಪಕವಾಗಿದೆ. ಇದು ಸರಿಯಲ್ಲ. ಬೆಲೆಯನ್ನು ನಿರ್ಧರಿಸುವ ಅಂಶಗಳು ಮೂರು: ಉಳಿದಿರುವ ಸಂಖ್ಯೆ, ನಾಣ್ಯದ ಸ್ಥಿತಿ ಮತ್ತು ಬೇಡಿಕೆ. ಇದಕ್ಕೆ ಉತ್ತಮ ಉದಾಹರಣೆ 1808ರ ಮದ್ರಾಸಿನ ಹತ್ತು ಮತ್ತು ಇಪ್ಪತ್ತು ಕಾಸಿನ ತಾಮ್ರದ ನಾಣ್ಯಗಳು. ಇವುಗಳನ್ನು ಹೊತ್ತು ಇಂಗ್ಲೆಂಡಿನಿಂದ ಹೊರಟ ‘ಅಡ್ಮಿರಲ್ ಗಾರ್ಡ್ನರ್’ ಎಂಬ ಹಡಗು 1809ರ ಜನವರಿಯಲ್ಲಿ ಗುಡ್ವಿನ್ ಮರಳು ದಿಬ್ಬದಲ್ಲಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಸಮುದ್ರದಡಿಯಿಂದ ಅಪಾರ ಸಂಖ್ಯೆಯಲ್ಲಿ ಈ ನಾಣ್ಯಗಳನ್ನು ಹೊರತೆಗೆದರು. ಇದರ ಪರಿಣಾಮವಾಗಿ ಇನ್ನೂರಕ್ಕೂ ಹೆಚ್ಚು ವರ್ಷ ಹಳೆಯದಾದ, ಮುಳುಗಿದ ಹಡಗಿನ ಕಥೆಯನ್ನು ಹೊತ್ತ ಈ ನಾಣ್ಯಗಳು ಇಂದು ಸುಲಭ ಬೆಲೆಗೆ ದೊರೆಯುತ್ತವೆ. ಸಂಖ್ಯೆ ಹೆಚ್ಚಿದಲ್ಲಿ ಬೆಲೆ ಇಳಿಯುವುದೆಂಬ ವ್ಯಾಪಾರದ ಸಾಮಾನ್ಯ ನಿಯಮ ನಾಣ್ಯಗಳಿಗೂ ಅನ್ವಯಿಸುತ್ತದೆ.

ಅದೇ ರೀತಿ, 1840ರ ವರ್ಷ ನಮೂದಾಗಿರುವ ರೂಪಾಯಿಯನ್ನು ಅದೇ ವರ್ಷವನ್ನು ಉಳಿಸಿಕೊಂಡು ಹಲವು ವರ್ಷಗಳ ಕಾಲ ಅಚ್ಚು ಹಾಕಿದುದರಿಂದ ಅದು ಅಪೂರ್ವವೇನಲ್ಲ.

8. ನಕಲಿ ನಾಣ್ಯಗಳ ಬಗ್ಗೆ ಎಚ್ಚರಿಕೆ

(ಅ) ರಾಮ, ಲಕ್ಷ್ಮಣ, ಸೀತೆ, ಹನುಮಂತ ಅಥವಾ ಇತರ ದೇವರ ಚಿತ್ರ ಮತ್ತು 1616, 1717, 1818 ಮುಂತಾದ ವರ್ಷಗಳುಳ್ಳ, ‘ಈಸ್ಟ್ ಇಂಡಿಯಾ ಕಂಪನಿ’, ‘ಅರ್ಧ ಆಣೆ’ ಅಥವಾ ‘ಒಂದು ಆಣೆ’ ಎಂದು ಇಂಗ್ಲಿಷಿನಲ್ಲಿ ಬರೆದಿರುವ ಬಿಲ್ಲೆಗಳನ್ನು ಲಕ್ಷಾಂತರ ರೂಪಾಯಿ ಬೆಲೆಯ ನಾಣ್ಯಗಳೆಂದು ಮಾರಲಾಗುತ್ತಿದೆ. ಇವು ಕಂಪನಿಯ ನಾಣ್ಯಗಳಲ್ಲ. ಕಂಪನಿಯು ಅರ್ಧ ಆಣೆಯ ಏಕರೂಪ ನಾಣ್ಯವನ್ನು ಹೊರಡಿಸಿದ್ದು 1835ರಲ್ಲಿ. ಒಂದು ಆಣೆಯ ತಾಮ್ರದ ನಾಣ್ಯವನ್ನು ಅದು ಚಲಾವಣೆಗೆ ತಂದಿರಲಿಲ್ಲ. ಒಂದು ಆಣೆಯ ನಾಣ್ಯ ಚಲಾವಣೆಗೆ ಬಂದದ್ದು 1907ರಲ್ಲಿ, ಅದೂ ತಾಮ್ರ ಮತ್ತು ನಿಕ್ಕಲ್ ಮಿಶ್ರಲೋಹದಲ್ಲಿ. ಮದ್ರಾಸಿನ ವರಹಗಳಲ್ಲಿ ವಿಷ್ಣುವಿನ ಚಿತ್ರವಿರುವುದು ನಿಜ. ಈ ಒಂದು ನಿಜವನ್ನೇ ಮುಂದಿಟ್ಟುಕೊಂಡು ವಂಚಕರು ಜನರನ್ನು ನಂಬಿಸುತ್ತಾರೆ.

(ಆ) ಕಂಪನಿ ಕಾಲದ ನಾಣ್ಯ ಅಥವಾ ಚೊಂಬಿಗೆ ಸಿಡಿಲು ಬಡಿದು ಅಕ್ಕಿಕಾಳನ್ನು ಸೆಳೆಯುವ ಶಕ್ತಿ ಬಂದಿದೆ ಎಂದು ಹೇಳಿ ಹಣ ಕೀಳುವ ‘ರೈಸ್ ಪುಲ್ಲಿಂಗ್’ ಜಾಲಗಳ ಬಗ್ಗೆ ಎಚ್ಚರವಿರಲಿ. ಯಾವ ನಾಣ್ಯವೂ ಅಕ್ಕಿಯನ್ನು ಸೆಳೆಯುವುದಿಲ್ಲ. ಅಯಸ್ಕಾಂತ ಮತ್ತು ಕಬ್ಬಿಣದ ಪುಡಿ ಸವರಿದ ಅಕ್ಕಿಯಿಂದ ಈ ಪ್ರದರ್ಶನವನ್ನು ಮಾಡಲಾಗುತ್ತದೆ.

(ಇ) ಹಳೆಯ ನಾಣ್ಯಕ್ಕೆ ಭಾರಿ ಬೆಲೆ ಕೊಡುವುದಾಗಿ ಹೇಳಿ ಮುಂಗಡ ಶುಲ್ಕ, ಕಮಿಷನ್ ಅಥವಾ ತೆರಿಗೆ ಕೇಳುವ ದೂರವಾಣಿ ಕರೆಗಳನ್ನು ನಂಬಬಾರದು. ತನ್ನ ಹೆಸರನ್ನು ಈ ರೀತಿ ದುರ್ಬಳಕೆ ಮಾಡಲಾಗುತ್ತಿರುವ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ನೀಡಿದ್ದು, ತಾನು ಇಂತಹ ವ್ಯವಹಾರ ನಡೆಸುವುದಿಲ್ಲವೆಂದೂ ಯಾವುದೇ ಶುಲ್ಕ ಕೇಳುವುದಿಲ್ಲವೆಂದೂ ಸ್ಪಷ್ಟಪಡಿಸಿದೆ.

(ಈ) 1835ರ ನಂತರದ ಬೆಳ್ಳಿ ರೂಪಾಯಿಯನ್ನು ಅಕ್ಕಸಾಲಿಗರ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ ನೋಡುವುದು ಮೊದಲ ಪರೀಕ್ಷೆ. ಸವೆತದಿಂದ ತೂಕ ತುಸು ಕಡಿಮೆಯಾಗಬಹುದು, ಆದರೆ 11.66 ಗ್ರಾಂಗಿಂತ ಗಮನಾರ್ಹವಾಗಿ ಹೆಚ್ಚಿದ್ದರೆ ಸಂಶಯಪಡಬೇಕು. ಚಿನ್ನ, ಬೆಳ್ಳಿ, ತಾಮ್ರ ಯಾವುದೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಎರಕ ಹೊಯ್ದ ನಕಲಿಗಳಲ್ಲಿ ಸಣ್ಣ ಗುಳಿಗಳೂ, ಅಂಚಿನಲ್ಲಿ ಜೋಡಣೆಯ ಗೆರೆಯೂ ಕಾಣಿಸುತ್ತವೆ. ಸಂಗ್ರಾಹಕರಿಗಾಗಿ ಹಳೆಯ ಅಚ್ಚುಗಳಿಂದ ಟಂಕಸಾಲೆಗಳಲ್ಲಿಯೇ ನಂತರ ತಯಾರಿಸಿದ ಮರುಮುದ್ರಣಗಳೂ ಇವೆ. ಅವು ನಕಲಿಗಳಲ್ಲ, ಆದರೆ ಮೂಲ ನಾಣ್ಯಗಳೂ ಅಲ್ಲ.

9. ಸಂರಕ್ಷಣೆ

ತಾಮ್ರದ ಪಾತ್ರೆಯನ್ನು ತೊಳೆಯುವಂತೆ ಹುಣಸೆಹಣ್ಣು, ನಿಂಬೆರಸ, ಬೂದಿ ಅಥವಾ ಪಾಲಿಶ್ ಪುಡಿಯಿಂದ ನಾಣ್ಯವನ್ನು ಎಂದಿಗೂ ಉಜ್ಜಬಾರದು. ಕಾಲಕ್ರಮೇಣ ಮೂಡಿದ ಮೇಲ್ಪದರವೇ ನಾಣ್ಯದ ರಕ್ಷಣೆ ಮತ್ತು ಅದರ ಪ್ರಾಚೀನತೆಯ ಕುರುಹು. ಒಮ್ಮೆ ಉಜ್ಜಿದರೆ ಅದು ಮರಳಿ ಬಾರದು; ಬೆಲೆಯೂ ಬಹುಪಾಲು ಇಳಿಯುತ್ತದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು. ಕಾಗದದ ಲಕೋಟೆಯಲ್ಲಿ ಒಂದೊಂದಾಗಿ, ತೇವವಿಲ್ಲದ ಜಾಗದಲ್ಲಿ ಇಡಬೇಕು. ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಚೀಲಗಳು ತಾಮ್ರಕ್ಕೂ ಬೆಳ್ಳಿಗೂ ಹಾನಿಕರ. ಕಾಸಿನ ಸರಕ್ಕೆ ಹೊಸದಾಗಿ ಹಳೆಯ ನಾಣ್ಯಗಳನ್ನು ಬೆಸೆಯುವುದನ್ನು ಸಹ ತಪ್ಪಿಸುವುದು ಒಳ್ಳೆಯದು.

10. ಕಾನೂನಿನ ಅಂಶಗಳು: ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಿರಿಯರಿಂದ ಬಂದ ಹಳೆಯ ನಾಣ್ಯಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವೇ?
ಉತ್ತರ: ಅಲ್ಲ. ಆದರೆ ನೂರು ವರ್ಷಗಳಿಗೆ ಕಡಿಮೆಯಿಲ್ಲದ ನಾಣ್ಯವು ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತುಗಳ ಅಧಿನಿಯಮ, 1972ರ ಪ್ರಕಾರ ಪುರಾತನ ವಸ್ತುವೆನಿಸುತ್ತದೆ. ಅದನ್ನು ಖಾಸಗಿಯಾಗಿ ವಿದೇಶಕ್ಕೆ ಕಳುಹಿಸುವಂತಿಲ್ಲ. ಪುರಾತನ ವಸ್ತುಗಳ ಮಾರಾಟವನ್ನು ವ್ಯಾಪಾರವಾಗಿ ನಡೆಸಲು ಪರವಾನಗಿ ಅಗತ್ಯ.

ಪ್ರಶ್ನೆ: ಪಾಯ ತೆಗೆಯುವಾಗ ಅಥವಾ ಉಳುವಾಗ ನಾಣ್ಯಗಳು ದೊರೆತರೆ ಏನು ಮಾಡಬೇಕು?
ಉತ್ತರ: ನಿಧಿ ನಿಕ್ಷೇಪಗಳಿಗೆ ಸಂಬಂಧಿಸಿದಂತೆ 1878ರ ಭಾರತೀಯ ಕಾಯಿದೆ ಹಾಗೂ 1962ರ ಕರ್ನಾಟಕ ಕಾಯಿದೆ ಇವೆ. ದೊರೆತ ನಿಧಿಯ ವಿಷಯವನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕರ್ತವ್ಯ. ಹತ್ತಿರದ ತಹಶೀಲ್ದಾರರ ಕಚೇರಿಗೆ ಅಥವಾ ಪೊಲೀಸ್ ಠಾಣೆಗೆ ಕೂಡಲೇ ಮಾಹಿತಿ ನೀಡಬಹುದು. ಮಡಕೆಯನ್ನು ಒಡೆಯಬಾರದು, ನಾಣ್ಯಗಳನ್ನು ತೊಳೆಯಬಾರದು, ಹಂಚಿಕೊಳ್ಳಬಾರದು.

ಪ್ರಶ್ನೆ: ಹಂಚಿಕೊಂಡರೆ ನಷ್ಟವೇನು?
ಉತ್ತರ: ಕಾನೂನಿನ ಉಲ್ಲಂಘನೆಯಾಗುವುದಲ್ಲದೆ, ಇತಿಹಾಸದ ಒಂದು ದಾಖಲೆ ಶಾಶ್ವತವಾಗಿ ಅಳಿಸಿಹೋಗುತ್ತದೆ. ಒಂದು ಮಡಕೆಯಲ್ಲಿರುವ ನಾಣ್ಯಗಳಲ್ಲಿ ತೀರ ಈಚಿನದು ಯಾವುದೋ ಅದರಿಂದ ಆ ಮಡಕೆಯನ್ನು ಹೂಳಿದ ಕಾಲವನ್ನು ಊಹಿಸಬಹುದು. ಆ ಊರಿನ ಸಂತೆಗೆ ಎಲ್ಲೆಲ್ಲಿಂದ ನಾಣ್ಯಗಳು ಬರುತ್ತಿದ್ದವು, ಯಾವ ಯುದ್ಧದ ಅಥವಾ ಬರಗಾಲದ ಭಯಕ್ಕೆ ಅದನ್ನು ಹೂಳಲಾಯಿತು ಎಂಬುದನ್ನು ಒಟ್ಟಾಗಿ ಇಟ್ಟ ನಾಣ್ಯಗಳು ತಿಳಿಸಬಲ್ಲವು. ಹತ್ತು ಮನೆಗಳಿಗೆ ಹಂಚಿಹೋದ ನಾಣ್ಯಗಳಿಂದ ಇದು ಸಾಧ್ಯವಿಲ್ಲ.

ಪ್ರಶ್ನೆ: ಇಂತಹ ನಾಣ್ಯಗಳನ್ನು ಎಲ್ಲಿ ನೋಡಬಹುದು?
ಉತ್ತರ: ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯ ಮತ್ತು 2004ರಲ್ಲಿ ಮುಂಬಯಿಯಲ್ಲಿ ಆರಂಭವಾದ ಭಾರತೀಯ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯಗಳಲ್ಲಿ ಈ ಕಾಲದ ನಾಣ್ಯಗಳಿವೆ. ಕೊಳ್ಳುವ ಮೊದಲು ಅಸಲಿ ನಾಣ್ಯಗಳನ್ನು ಕಣ್ಣಾರೆ ನೋಡಿ ಪರಿಚಯ ಮಾಡಿಕೊಳ್ಳುವುದು ಅತ್ಯುತ್ತಮ ಶಿಕ್ಷಣ.

11. ಉಪಸಂಹಾರ

ರಾಜರ ಶಾಸನಗಳು ದಾನದತ್ತಿಗಳನ್ನು ಹೇಳುತ್ತವೆ. ರೈತನು ಕಟ್ಟಿದ ಕಂದಾಯ, ಕೂಲಿಯವನು ಪಡೆದ ದಿನಗೂಲಿ, ಸಂತೆಯಲ್ಲಿ ಕೊಂಡ ಉಪ್ಪು ಮತ್ತು ಬಟ್ಟೆ ಇವುಗಳ ಸಾಕ್ಷಿಯಾಗಿ ಉಳಿದಿರುವುದು ಸವೆದ ತಾಮ್ರದ ಕಾಸು. ಆದ್ದರಿಂದ ಮನೆಯಲ್ಲಿರುವ ಹಳೆಯ ನಾಣ್ಯಗಳನ್ನು ಮಾರುವ ಅಥವಾ ಕರಗಿಸುವ ಮೊದಲು ತಿಳಿದವರಿಗೆ ತೋರಿಸಬೇಕೆಂದೂ, ಅವು ಯಾರಿಂದ, ಯಾವ ಊರಿನಿಂದ ಬಂದವು ಎಂಬುದನ್ನು ಹಿರಿಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಯಲ್ಲಿಡಬೇಕೆಂದೂ, ಅಪರಿಚಿತರ ಆಮಿಷಗಳಿಗೆ ಒಳಗಾಗಬಾರದೆಂದೂ ಸಾರ್ವಜನಿಕರಲ್ಲಿ ಕೋರಲಾಗಿದೆ.